ಹೆಚ್ಚಿದ ಸೀಡಿ

ನಮ್ಮ ಮನೆಯಲ್ಲಿ ಬಾಯಿಗೆ ಬಂದ ಮಾತನ್ನು ಹಾಗೇ ಆಡುವಂತಿಲ್ಲ. ಹೊರಗೆ ಹೊರಟವರು ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ದೀಪವನ್ನು ಆರಿಸಬಾರದು, ‘ದೊಡ್ಡದು’ ಮಾಡಬೇಕು. ಬಳೆ ಚೂರುಚೂರಾಗಿ ನೆಲದ ಮೇಲೆ ಬಿದ್ದಿದ್ದರೂ ಅದು ಒಡೆದದ್ದಲ್ಲ, ‘ಹೆಚ್ಚಿದ್ದು’. ಮುಳ್ಳೂರಿನ ನನ್ನ ಅವ್ವ ಈ ಕಾಯಿದೆಗಳನ್ನು ಕೊಳ್ಳೇಗಾಲದ ನಮ್ಮ ಬಾಡಿಗೆ ಮನೆಯಲ್ಲೂ ಚಾಚೂ ತಪ್ಪದೆ ಜಾರಿಯಲ್ಲಿಟ್ಟಿದ್ದಳು. ನಾನೋ ಸರ್ಕಾರಿ ಕಚೇರಿಯ ಗುಮಾಸ್ತ. ಫೈಲು ಕಳೆದುಹೋದರೆ ‘ಪರಿಶೀಲನೆಯಲ್ಲಿದೆ’ ಎನ್ನುವ ಕಸುಬಿನವನು. ಹಾಗಾಗಿ ಅವ್ವನ ಭಾಷೆ ನನಗೆ ಎಂದೂ ತೊಡಕೆನಿಸಿರಲಿಲ್ಲ. ತೊಡಕಾದದ್ದು ಮನೆಗೆ ಕಂಪ್ಯೂಟರ್ ಬಂದ ಮೇಲೆ.

ಅದು ಎರಡು ಸಾವಿರದ ಮೂರರ ಸುಮಾರು. ಅಂಗಡಿಯಲ್ಲೇ ಬಿಡಿಭಾಗ ಜೋಡಿಸಿಕೊಟ್ಟ ಕಂಪ್ಯೂಟರು. ಬಂದ ದಿನ ಅವ್ವ ಅದರ ಹಣೆ ಯಾವುದೆಂದು ತಿಳಿಯದೆ ನಾಲ್ಕೂ ಕಡೆ ಕುಂಕುಮ ಇಟ್ಟಳು. ನನ್ನ ಹೆಂಡತಿ ಗಿರಿಜೆ ಕಸೂತಿ ಬಟ್ಟೆ ಹೊದಿಸಿದಳು. ನನಗೆ ಮಾತ್ರ ಅದರಲ್ಲಿದ್ದ ಸೀಡಿ ಬರೆಯುವ ಡ್ರೈವ್ ಮೇಲೆ ಕಣ್ಣು. ಒಂದು ಸೀಡಿ ಕೊಟ್ಟರೆ ಅದರಂಥದ್ದೇ ಇನ್ನೊಂದನ್ನು ಮಾಡಿಕೊಡುವ ಯಂತ್ರ! ಕಚೇರಿಯಲ್ಲಿ ಹಗಲೆಲ್ಲ ನಕಲು ಬರೆದು ಬೆರಳು ಸವೆಸಿಕೊಂಡವನಿಗೆ ಅದು ಎಂಥ ಸಂತೋಷವೆಂದು ಬೇರೆಯವರಿಗೆ ತಿಳಿಯಲಾರದು. ಕಂಡಕಂಡವರಿಗೆಲ್ಲ ‘ನಿಮ್ಮ ಸೀಡಿ ಇದ್ದರೆ ಕೊಡಿ, ಕಾಪಿ ಮಾಡಿಕೊಡ್ತೀನಿ’ ಎಂದು ದುಂಬಾಲು ಬೀಳತೊಡಗಿದೆ. ಹಾಗೆ ದುಂಬಾಲು ಬಿದ್ದೇ ನನ್ನ ತಂಗಿ ಸುನಂದಳ ಮದುವೆಯ ಸೀಡಿಯನ್ನು ಹನೂರಿನಿಂದ ತಂದದ್ದು.

ತಂಗಿಯನ್ನು ಕೊಟ್ಟ ಮನೆ ಹನೂರಿನಲ್ಲಿ. ವಿಡಿಯೋದವನು ಕೊಟ್ಟದ್ದು ಒಂದೇ ಒಂದು ಸೀಡಿ, ಅದು ಮದುಮಗಳ ಜೊತೆ ಅಲ್ಲಿಗೆ ಹೋಗಿತ್ತು. ಕ್ಯಾಮರಾದ ಕ್ಯಾಸೆಟ್ಟಿನ ಮೇಲೆ ಅವನು ಇನ್ಯಾರದೋ ಮದುವೆ ತುಂಬಿಸಿಕೊಂಡು, ಆಮೇಲೆ ಊರನ್ನೇ ಬಿಟ್ಟಿದ್ದ. ಮದುವೆಯಾಗಿ ವರ್ಷ ತುಂಬುವ ಮೊದಲೇ ಸುನಂದಳ ಮಾವ ಪುಟ್ಟಮಾದಪ್ಪನವರು ಎದೆನೋವು ಬಂದು ತೀರಿಕೊಂಡರು. ಫೋಟೋಗಳಲ್ಲಿ ಅವರು ಪೊಲೀಸು ಠಾಣೆಯಲ್ಲಿ ಕೂತವರ ಹಾಗೆ ಬಿಗಿದುಕೊಂಡಿರುತ್ತಿದ್ದರು. ನಕ್ಕು ಓಡಾಡಿ, ಪಂಕ್ತಿಯಲ್ಲಿ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಂಡು ಉಂಡದ್ದು ಆ ಸೀಡಿಯಲ್ಲಿ ಮಾತ್ರ. ಅವರ ಹೆಂಡತಿ ದೇವೀರಮ್ಮ ಮನಸ್ಸು ಭಾರವಾದಾಗಲೆಲ್ಲ ಸೊಸೆಗೆ ಹೇಳಿ ಅದನ್ನು ಹಾಕಿಸುತ್ತಿದ್ದರಂತೆ. ‘ಒಂದನ್ನ ಎರಡು ಮಾಡಿಕೊಡ್ತೀನಿ ಅಮ್ಮ’ ಎಂದು ನಾನು ಪೀಡಿಸಿದ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. “ಉಸಾರಾಗಿ ತಕಂಡೋಗಪ್ಪ. ಅವ್ರು ಓಡಾಡೋದು ಈಗ ಇದರಲ್ಲೇ ಕಣಪ್ಪ” ಅಂದರು.

ಕಾಪಿ ಮಾಡುವ ಮೊದಲು ಮನೆಯವರೆಲ್ಲ ಒಂದು ವಾರ ಅದನ್ನು ಹಾಕಿಕೊಂಡು ನೋಡಿದೆವು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಶುದ್ಧನಾಗಿ, ಸೀಡಿಯನ್ನು ಡ್ರೈವಿನ ತಟ್ಟೆಯಲ್ಲಿಟ್ಟು ಒಳಗೆ ತಳ್ಳಿದೆ. ಡ್ರೈವು ಮೊದಲು ಗುಂಯ್ ಎಂದಿತು. ಆಮೇಲೆ ಬೆಟ್ಟ ಹತ್ತುವ ಬಸ್ಸಿನ ಹಾಗೆ ಕೂಗಿತು. ಇಷ್ಟು ಕಷ್ಟಪಡುತ್ತಿದೆ ಎಂದರೆ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದೇ ನಾನು ತಿಳಿದೆ. ಅಷ್ಟರಲ್ಲಿ ಫಟಾರ್ ಎಂದು ಸದ್ದಾಯಿತು. ಕುಕ್ಕರು ಸಿಡಿಯಿತೆಂದು ಗಿರಿಜೆ ಅಡುಗೆಮನೆಯಿಂದ ಈಚೆಗೆ ಓಡಿಬಂದಳು, ನಾನು ಅಡುಗೆಮನೆಗೆ ಓಡಿದೆ.

ಡ್ರೈವಿನ ಬಾಗಿಲು ತೆರೆಯಲೇ ಇಲ್ಲ. ಪೆಟ್ಟಿಗೆಯನ್ನೇ ಎತ್ತಿ ಅಲ್ಲಾಡಿಸಿದೆ. ಒಳಗೆ ಗಿಲಿಗಿಲಿ ಸದ್ದು. ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ ಸಿವನೇ, ಎಚ್ಚೋಯ್ತಲ್ಲಪ್ಪಾ!”

ಕಂಪ್ಯೂಟರ್ ಅಂಗಡಿಯವನು ತಿರುಪು ಬಿಚ್ಚಿ ಚೂರುಗಳನ್ನು ಪೇಪರಿನ ಮೇಲೆ ಸುರಿದ. ನಡುವಿನ ತೂತಿನ ಹತ್ತಿರ ಮೊದಲೇ ಕೂದಲೆಳೆಯಷ್ಟು ಬಿರುಕು ಇದ್ದಿರಬೇಕು, ಅಷ್ಟು ವೇಗಕ್ಕೆ ತಡೆದಿಲ್ಲ ಅಂದ. ಅಂಟಿಸಲು ಬರುವುದಿಲ್ಲವೇ ಎಂದು ಕೇಳಿದೆ. “ಇದೇನು ಅಪ್ಪಳನಾ ಸಾ?” ಅಂದ. ಅಪ್ಪಳವನ್ನೂ ಅಂಟಿಸುವುದಿಲ್ಲ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಇನ್ನು ಹನೂರಿಗೆ ಫೋನ್ ಮಾಡಬೇಕು. ಮದುವೆಯ ಸೀಡಿ, ಅದಕ್ಕೆ ‘ಒಡೆ’ ಎಂಬ ಮಾತು ಸೋಕಬಾರದೆಂದು ಅವ್ವ ಪಕ್ಕದಲ್ಲೇ ಕಾವಲು ನಿಂತಳು. ದೇವೀರಮ್ಮ ಫೋನಿಗೆ ಬಂದರು. ನಾನು ಗಂಟಲು ಸರಿಮಾಡಿಕೊಂಡು “ಅಮ್ಮ, ಸೀಡಿ ಹೆಚ್ಚಿತು” ಅಂದೆ.

“ಎಚ್ತಾ? ಒಳ್ಳೇದಾಯ್ತು ಕಣಪ್ಪ! ನೀನು ಎರಡು ಅಂದಿದ್ದೆ. ಎಚ್ಚಿದ್ರೆ ಮಾರ್ಟಳ್ಳಿಲಿರೋ ನನ್ ತಂಗಿಗೂ ಒಂದ ಮಡಗಿರು. ಬುದ್ವಾರ ನಾನೇ ಬತ್ತೀನಿ.”

‘ಹಾಗಲ್ಲಮ್ಮ, ಬಳೆ ಹೆಚ್ಚಿದ ಹಾಗೆ’ ಎಂದು ಬಿಡಿಸಿ ಹೇಳಲು ಹೊರಟವನು ನಡುವೆಯೇ ನಿಲ್ಲಿಸಿದೆ. ಕೈ ಬರಿದಾಗಿ ಇನ್ನೂ ವರ್ಷವಾಗದ ಹೆಂಗಸಿಗೆ ಬಳೆಯ ಹೋಲಿಕೆ ಕೊಡುವುದು ಹೇಗೆ? “ಆಗಲಿ ಬನ್ನಿ ಅಮ್ಮ” ಎಂದು ಫೋನಿಟ್ಟುಬಿಟ್ಟೆ. ಇಡೀ ಕಚೇರಿಗೆ ಜಾರಿಕೊಳ್ಳುವ ಉತ್ತರ ಬರೆದುಕೊಡುವ ನನಗೆ ಅಂದು ಒಂದು ನೇರ ಮಾತು ಸಿಗಲಿಲ್ಲ. ಬುಧವಾರದವರೆಗೆ ಅನ್ನ ಸೇರಲಿಲ್ಲ.

ಬುಧವಾರ ದೇವೀರಮ್ಮ ಬಂದೇ ಬಂದರು, ತಂಗಿಗೆಂದು ಇನ್ನೊಂದು ಸೀರೆ ತುಂಡನ್ನೂ ಮಡಿಸಿ ತಂದಿದ್ದರು. “ಎಲ್ಲಿ, ಎಷ್ಟು ಎಚ್ಚವೆ ತೋರ್ಸಪ್ಪ” ಅಂದರು. ಪೇಪರಿನ ಪೊಟ್ಟಣ ಬಿಚ್ಚಿದೆ. ಅವರು ಚೂರುಗಳನ್ನು ನೋಡಿದರು, ನನ್ನನ್ನು ನೋಡಿದರು. ಅವ್ವ ಮೆಲ್ಲಗೆ, “ಎಚ್ಚೋಗದೆ ಕಣವ್ವ” ಅಂದಳು.

“ಒಡ್ದೋಯ್ತು ಅನ್ನಿ” ಅಂದರು ದೇವೀರಮ್ಮ. “ಬಾಯ್ಬುಟ್ಟು ಅನ್ನಿ, ಏನಾಯ್ತದೆ? ನನ್ ಕೈ ಬಳೆ ಒಡೆದ ದಿನ ಯಾರೂ ಎಚ್ತು ಅನ್ನಲಿಲ್ಲ.”

ಅವ್ವ ತಲೆ ತಗ್ಗಿಸಿದಳು. ಗಿರಿಜೆ ಕಾಫಿ ತಂದು, ಕೊಡಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಳು. ನನಗೆ ಅಳು ಬಂದಿತ್ತು. ದೇವೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಓಗ್ಲಿ ಬುಡಿ. ಒಂದು ವಾರ ನೋಡಿದ್ರಲ್ಲ, ಅವ್ರು ಎಂಗಿದ್ರು ಅಂತ ಏಳಿ, ಕೇಳ್ತೀನಿ” ಅಂದರು.

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅವ್ವ ವಾರವೆಲ್ಲ ನೋಡಿದ್ದು ಮಗಳನ್ನು. ಗಿರಿಜೆ ನೋಡಿದ್ದು ಬಂದ ಹೆಂಗಸರ ಸೀರೆಗಳನ್ನು. ನಾನು ಯಾರನ್ನು ನೋಡಿದ್ದೆ ಎಂದು ಹೇಳುವುದೇ ಬೇಡ. ನಾನಿಲ್ಲದ ಕಡೆಯೆಲ್ಲ ಮುಂದಕ್ಕೆ ಓಡಿಸಿದ್ದೆ, ಅದರಲ್ಲಿ ಆ ಪಾಯಸವೂ ಓಡಿಹೋಗಿತ್ತು.

ಕಪ್ಪಗೆ ಕೂತಿದ್ದ ಕಂಪ್ಯೂಟರಿನ ಕಡೆ ತಿರುಗಿ ದೇವೀರಮ್ಮನೇ ಗಂಡನ ವಿಷಯ ಶುರುಮಾಡಿದರು. ಪಂಚೆ ಎತ್ತಿ ಕಟ್ಟಿದ್ದು, ಪೇಟ ಓರೆಯಾದದ್ದು, ಧಾರೆಯ ಹೊತ್ತಿನಲ್ಲಿ ಕಣ್ಣೊರೆಸಿಕೊಂಡದ್ದು. ಸೀಡಿಯಲ್ಲಿ ಎಲ್ಲದರ ಮೇಲೂ ಸಿನಿಮಾ ಹಾಡು ಹಾಕಿದ್ದರಿಂದ ಮಾತು ಕೇಳಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಇವರಿಗೆ ಮಾತೆಲ್ಲ ನೆನಪಿತ್ತು. ನಾವು ಮೂವರೂ ಕಪ್ಪು ಗಾಜನ್ನು ದಿಟ್ಟಿಸಿ ನೋಡುತ್ತಾ ಕೂತೆವು.

“ಪಂಕ್ತೀಲಿ ನಿನ್ನೇ ತೋರ್ಸಿ ನನ್ ಕಿವೀಲಿ ಒಂದ್ಮಾತು ಅಂತಾರೆ ಕಣಪ್ಪ.”

“ಏನಂದ್ರಮ್ಮ?” ಎಂದು ಮುಂದಕ್ಕೆ ಬಾಗಿದೆ.

ದೇವೀರಮ್ಮನಿಗೆ ಹೇಳುವ ಮೊದಲೇ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “‘ನೋಡ್ಲೇ, ಕ್ಯಾಮರಾ ಎತ್ತಗ್ ತಿರುಗಿದ್ರೂ ಇವನೇ ಬಂದು ನಿಂತ್ಕತಾನೆ. ಮದ್ವೆ ಯಾರ್ದು ಅಂತ ಒಂದ್ಸಲ ಕೇಳ್ಬುಟ್ಟು ಬರ್ಲಾ?’ ಅಂದ್ರು.”

ಅವ್ವ ಬಿದ್ದುಬಿದ್ದು ನಕ್ಕಳು, ಗಿರಿಜೆ ಕಾಫಿ ಚೆಲ್ಲಿಕೊಂಡಳು. ಮೂವರೂ ನನ್ನ ಕಡೆಗೇ ತಿರುಗಿ ನಗುತ್ತಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಂದು ತಿಳಿದದ್ದೇ ತಡ, ನನ್ನ ಕೈ ತಾನಾಗಿ ಮೇಲೆದ್ದು ಅಂಗಿಯ ಕಾಲರ್ ಸರಿಮಾಡಿಕೊಂಡಿತು.