ಪಿ-ವೈ-ಇ ಪೈ

ಗಣಪತಿ ಪೈಯ ಸರ್‌ನೇಮನ್ನು ಗಣಿಯ ಆಫೀಸಿನ ಗುಮಾಸ್ತೆ ಪಿ-ವೈ-ಇ ಎಂದು ಟೈಪು ಮಾಡಿ ಎರಡು ವರ್ಷವಾಗಿತ್ತು. ಅದು ಪಿ-ಎ-ಐ ಎಂದು ಹೇಳಲು ಅವನಿಗೆ ಸಂಕೋಚ. ಕಲ್ಲುಗಳ ಜಾತಕ ಬಿಡಿಸಿ ಹೇಳುವ ಭೂವಿಜ್ಞಾನಿಗೆ ಮನುಷ್ಯರೆದುರು ಬಾಯಿ ಬರುತ್ತಿರಲಿಲ್ಲ.

೨೦೧೬ರ ಒಂದು ಗುರುವಾರ ಆ ಸಂಕೋಚ ಫಲ ಕೊಟ್ಟಿತು. ಪರ್ತ್‌ನ ಎಲೆನ್‌ಬ್ರೂಕ್ ಬಡಾವಣೆಯ ಮನೆಯಲ್ಲಿ ದೋಸೆ ತಿನ್ನುತ್ತಿದ್ದಾಗ ಫೋನಿನಲ್ಲಿ ಯಾರದೋ ಗಡಸು ದನಿಯ ಸಂದೇಶ: "ಮಿಸ್ಟರ್ ಪೈ, ನಿಮ್ಮ ಸರ್‌ನೇಮ್ ಬಗ್ಗೆ ವಿಚಾರಿಸಬೇಕು. ಈ ಆರ್ವೋ ಮನೆಗೇ ಬರುತ್ತೇನೆ." ಆರ್ವೋ ಎಂದರೆ ಅಲ್ಲಿಯವರ ಮಾತಿನಲ್ಲಿ ಮಧ್ಯಾಹ್ನ. ಯಾರು, ಎಲ್ಲಿಂದ, ಒಂದೂ ಇಲ್ಲ. ಮರುದಿನವೇ ಅಲ್ಲಿಯ ನಗರಸಭೆಯಾದ ಕೌನ್ಸಿಲ್ಲಿನಲ್ಲಿ ಅವನಿಗೆ ಪೌರತ್ವ ಕೊಡುವ ಸಮಾರಂಭವಿತ್ತು. ದೋಸೆ ತಟ್ಟೆಯಲ್ಲೇ ಉಳಿಯಿತು.

ಪಕ್ಕದ ಮನೆಯ ಜಯಲಕ್ಷ್ಮಿ ಆಂಟಿ ಧೈರ್ಯ ಹೇಳಲು ಬಂದರು. "ಏನೂ ಆಗಲ್ಲ ಬಿಡಪ್ಪ. ನಮ್ಮ ಗುರುತಿನೋರೊಬ್ರನ್ನ ಒಂದ್ 'ಎಚ್' ಜಾಸ್ತಿ ಇತ್ತು ಅಂತ ಏರ್‌ಪೋರ್ಟಿಂದಾನೇ ವಾಪಸ್ ಕಳಿಸ್ಬಿಟ್ರು, ಅಷ್ಟೇ."

ಸಹೋದ್ಯೋಗಿ ವಸಂತಕುಮಾರನೂ ಓಡಿಬಂದ. "ಇಮಿಗ್ರೇಷನ್ನೋರೇ ಕಣೋ! ಪಾಸ್‌ಪೋರ್ಟಲ್ಲೊಂದು, ಗಣೀಲೊಂದು ಹೆಸರು. ಎದುರು ಮಾತಾಡಿದ್ರೆ ಕೆಟ್ಟೆ. ಏನ್ ಕೇಳಿದ್ರೂ ಯೆಸ್ ಅನ್ನು, ಸೈನ್ ಹಾಕು."

ಇಬ್ಬರೂ ಹೋದ ಮೇಲೆ ಗಣಪತಿ ಮೂರು ಸಲ ಶರಟು ಬದಲಿಸಿದ. ಮೂರೂ ಬೆವರಿನಲ್ಲಿ ತೊಯ್ದವು. ಎರಡೂವರೆಗೆ ಬೆಲ್ಲಾದಾಗ ಅವನ ಎದೆ ಗಣಿಯ ಡ್ರಿಲ್ಲಿನಂತೆ ಗಡಗಡಿಸಿತು.

ಬಾಗಿಲಲ್ಲಿ ಟೈ ಕಟ್ಟಿದ, ಎತ್ತರದ ಮುದುಕರೊಬ್ಬರು. ಕಂಕುಳಲ್ಲಿ ದಪ್ಪ ಫೈಲು.

"ನಿಮ್ಮ ಹೆಸರು ಪಿ-ವೈ-ಇ ತಾನೆ?"

"ಯೆಸ್," ಎಂದ ಗಣಪತಿ.

"ಬೇರೆ ಯಾವ ಸ್ಪೆಲಿಂಗೂ ಸರಿಯಲ್ಲ, ಅಲ್ಲವೆ?"

"ಯೆಸ್, ಯೆಸ್."

"ಹಾಗಾದರೆ ಅದನ್ನೇ ಇಲ್ಲಿ ಬರೆದಿದ್ದೇನೆ, ಸಹಿ ಹಾಕಿ."

ಅವನು ಸಹಿ ಹಾಕಿದ. ಮುದುಕರು ಅದರ ಫೋಟೊ ತೆಗೆದು ಯಾರಿಗೋ ಕಳಿಸಿದರು. ಆಮೇಲೆ ಅವನನ್ನು ಬಾಚಿ ತಬ್ಬಿಕೊಂಡರು!

"ನಾನು ಆರ್ಥರ್ ಪೈ, ಅಡಿಲೇಡಿನ ಮಾಡ್ಬರಿಯವನು. ನಮ್ಮ ವಂಶದ ಚರಿತ್ರೆ ಬರೆಯುತ್ತಿದ್ದೇನೆ." ಮೇಜಿನ ತುಂಬ ವಂಶವೃಕ್ಷ ಹರಡಿತು. ಇಂಗ್ಲೆಂಡಿನಲ್ಲಿ ಮ್ಯಾಗ್‌ಪೈ ಹಕ್ಕಿಯಂತೆ ವಟಗುಟ್ಟುತ್ತಿದ್ದವನೊಬ್ಬನಿಗೆ ಬಿದ್ದ ಅಡ್ಡಹೆಸರಂತೆ ಈ 'ಪೈ'. ಅವನ ಸಂತತಿಯ ಒಬ್ಬ ಹಡಗು ಹತ್ತಿ ಅಡಿಲೇಡಿಗೆ ಬಂದ. ಮೊಮ್ಮಕ್ಕಳು ಬ್ರಿಸ್ಬೇನಿಗೆ ಹೋದರು. "ಪರ್ತ್‌ನ ಕೊಂಬೆಯೊಂದೇ ಬೋಳಾಗಿತ್ತು. ನಿಮ್ಮ ಗಣಿಯ ಪತ್ರಿಕೆಯಲ್ಲಿ ಜಿ. ಪೈ, ಪಿ-ವೈ-ಇ ಅಂತ ಕಂಡಿತು! ಫೋನು, ವಿಳಾಸ ಆಫೀಸಿನವರೇ ಕೊಟ್ಟರು."

ಗಣಪತಿಗೆ ಹೋದ ಜೀವ ಬಂತು. ಇಮಿಗ್ರೇಷನ್ ಅಲ್ಲ! ಆ ಸಂತೋಷದಲ್ಲಿ ತಾನು ಅವರ ಪೈ ಅಲ್ಲವೆನ್ನುವುದೂ ಮರೆತು, ಮುದುಕರಿಗೆ ಕಾಫಿ ಕೊಟ್ಟು, ಕೋಡುಬಳೆಯನ್ನೂ ಬಡಿಸಿದ. ಯಾಕೋ ಅನುಮಾನವಾಗಿ ಕೇಳಿದ: "ಆ ಫೋಟೊ ಯಾರಿಗೆ ಕಳಿಸಿದಿರಿ?"

"ಕೌನ್ಸಿಲ್ಲಿಗೆ. ನಾಳೆ ನಿಮಗೆ ಪೌರತ್ವ ಕೊಡುತ್ತಾರೆಂದು ಗೇಟಿನ ಹತ್ತಿರ ನಿಮ್ಮ ಪಕ್ಕದ ಮನೆಯ ಆಂಟಿ ಹೇಳಿದರು, ಅಲ್ಲಿ ಪಿ-ಎ-ಐ ಅಂತ ತಪ್ಪಾಗಿ ಬರೆದಿದ್ದಾರಂತೆ. ನಮ್ಮವನಿಗೆ ಹಾಗಾಗಬಾರದು ನೋಡಿ."

ಫೋನು ಹೊಡೆದುಕೊಂಡಿತು. ಕೌನ್ಸಿಲ್ಲಿನ ಹೆಂಗಸಿನ ದನಿ ಬಲು ಮೃದುವಾಗಿತ್ತು.

"ಮಿಸ್ಟರ್ ಪೈ, ನಾಳೆ ನೀವು ಬರಬೇಡಿ. ನೀವು ಯಾರು ಅನ್ನುವುದನ್ನು ವಿಚಾರಿಸಲು ಇಮಿಗ್ರೇಷನ್‌ನವರೇ ನಿಮ್ಮ ಮನೆಗೆ ಬರುತ್ತಾರೆ."