ಭುಜ ತಟ್ಟಿದವರೆಲ್ಲ ನಮ್ಮವರು

ಕೇದಾರ ಬಾಲ್ಕನಿಯಲ್ಲಿ ಚಾದರ ಹಿಂಡುತ್ತಿದ್ದಾಗ ಕೆಳಗೆ ಗದ್ದಲವೆದ್ದಿತು. ಕಾವಲುಗಾರ ಭೀಮಶಿ ಎರಡನೇ ಮಹಡಿಯ ಜಿಲಾನಿಯನ್ನೇ ಕಳ್ಳನೆಂದು ಹಿಡಿದಿದ್ದ. ಗೋವಾದ ಪರ್ವರಿಯ ಆ ವಸತಿ ಸಂಘಕ್ಕೆ ಕೇದಾರನೇ ಕಾರ್ಯದರ್ಶಿ. ಭೀಮಶಿ ಅವನ ಊರಿನವನು, ಅವನ ಮಾತಿನ ಮೇಲೆ ಕೆಲಸಕ್ಕೆ ಬಂದವನು.

“ಕೇದಾರಪ್ಪ, ಇವನ್ನ ತಗೀರಿ ಅಂತ ಏಜೆನ್ಸಿಗೆ ಬರದ ಕಾಗದಾ ಮೂರು ತಿಂಗಳಿಂದ ನಿನ್ನ ಕಿಸೇದಾಗ ಕಾವು ಕೂತದ,” ಎಂದರು ಕೆಳಗಿಳಿದು ಬಂದ ಅವನನ್ನು ಪಕ್ಕಕ್ಕೆ ಕರೆದ ಅಧ್ಯಕ್ಷೆ ಸರಸ್ವತಿಬಾಯಿ. “ಇನ್ನೊಂದು ದೂರು ಬರಲಿ, ಅವತ್ತ ಕಳಿಸಬೇಕು.”

ಭೀಮಶಿಗೆ ಊರಲ್ಲಿ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಕೇದಾರನ ಮುಖ ಹಿಂಡಿದ ಚಾದರದಂತಾಯಿತು.

“ಮೈಯಾಗೂ ರೋಗಾ ಹೊಡಿಯೋ ಇಂಥಾ ಕಾವಲು ಕಣ ಅದಾವ್ರಿ,” ಮೆಟ್ಟಿಲಿಳಿಯುತ್ತಿದ್ದ ಮೇಲ್ಮನೆಯ ಸಂಶೋಧಕಿ ಶುಭಾ ನಕ್ಕಳು. “ಅವುಗಳ ಮೈಮ್ಯಾಲ ತಡಿಯೋ ಗುಂಡಿ ಇರ್ತಾವ. ನಮ್ಮ ಕಣ ಬಂದು ಒತ್ತಿದ್ರ ಸುಮ್ಮನಾಗ್ತಾವ. ಇಲ್ಲಾಂದ್ರ ನಮ್ಮನ್ನ ಹೊಡೀತಾವ. ಆದ್ರ…”

ಕೇದಾರ ಪೂರ್ತಿ ಕೇಳಲಿಲ್ಲ. “ಭೀಮಶಿ, ನಿನ್ನ ಎಡಭುಜಾ ಎರಡು ಸಲ ತಟ್ಟಿದವರು ನಮ್ಮವರು. ಸುಮ್ಮ ಬಿಡು.”

ಮಧ್ಯಾಹ್ನದವರೆಗೆ ಸಂಘ ಸ್ವರ್ಗದಂತಿತ್ತು. ಜಿಲಾನಿ ತಟ್ಟಿದ, ಸರಸ್ವತಿಬಾಯಿ ತಟ್ಟಿದರು. ಅದನ್ನು ನೋಡಿ ಪಾವ್ ಮಾರುವವನು ತಟ್ಟಿದ, ಮೀನಿನವಳು ತಟ್ಟಿದಳು. ನಾಲ್ಕು ಗಂಟೆಗೆ ನೋಡಿದರೆ ನೀರೆತ್ತುವ ಪಂಪೇ ಮಾಯ.

“ಒಯ್ದವರು ಭುಜಾ ತಟ್ಟಿದ್ರಿ ಸಾಹೇಬ್ರ,” ಎಂದ ಭೀಮಶಿ. “ನಮ್ಮವರ ಅಂತ ನಾನೂ ಒಂದು ಕೈ ಹಚ್ಚಿ ಟೆಂಪೋಕ್ಕ ಏರಿಸಿದೆ.”

“ಅದನ್ನ ಹೇಳಾಕಿದ್ದೆ,” ಎಂದಳು ಆಗಷ್ಟೇ ಮರಳಿದ ಶುಭಾ. “ಕ್ಯಾನ್ಸರ್ ಕಣಾನೂ ಅದ ಗುಂಡಿ ಒತ್ತಿ ಪಾರಾಗ್ತದ. ಅದಕ್ಕ ಗುಂಡಿ ಮುಚ್ಚೋ ಔಷಧ ಕೊಡ್ತಾರ. ಆದ್ರ…”

ಕೇದಾರ ಆಗಲೇ ಹಳೇ ಬಕೀಟನ್ನು ಎರಡು ಹೋಳು ಮಾಡಿ ಭೀಮಶಿಯ ಭುಜಗಳಿಗೆ ಕಟ್ಟುತ್ತಿದ್ದ. ಭೀಮಶಿ ಬಯಲಾಟದ ರಾಜನಂತೆ ಎದೆಯುಬ್ಬಿಸಿ ನಿಂತ.

“ಇನ್ನ ಯಾರು ತಟ್ಟಿದ್ರೂ ಬಿಡಬ್ಯಾಡ,” ಎಂದು ಹೇಳಿ ಕೇದಾರ ಪೊಲೀಸರಿಗೆ ದೂರು ಕೊಡಲು ಹೋದ. ಮರಳಿದಾಗ ಗೇಟು ಮುಚ್ಚಿತ್ತು.

“ನಾನೋ, ಕೇದಾರ.”

“ಗೊತ್ತದರಿ ಸಾಹೇಬ್ರ. ಯಾರನ್ನೂ ಬಿಡಬ್ಯಾಡ ಅಂದವರೂ ನೀವ.”

ಕೇದಾರ ಗೇಟಿನ ಸರಳುಗಳೊಳಗೆ ಕೈ ತೂರಿಸಿ ಅವನ ಭುಜದ ಬಕೀಟು ಬಡಿದ, ಢಬಢಬ ಸದ್ದಾಯಿತೇ ಹೊರತು ಭೀಮಶಿ ಅಲುಗಲಿಲ್ಲ.

“ಗುಂಡಿ ಮುಚ್ಚಿದ್ರ ಒಮ್ಮೊಮ್ಮೆ ನಮ್ಮವರನ್ನೂ ಹಿಡೀತಾವ್ರಿ,” ಮೇಲಿನಿಂದ ಶುಭಾ ಕೂಗಿದಳು. “ಹೇಳೂತನಾ ನಿಲ್ಲಲೇ ಇಲ್ಲ ನೀವು.”

ಕೇದಾರ ಕೊನೆಗೂ ಕಿಸೆಯಿಂದ ಭೀಮಶಿಯನ್ನು ತೆಗೆಯಲು ಬರೆದ ಆ ಕಾಗದ ಹೊರತೆಗೆದ.

“ಏಜೆನ್ಸಿಗೇನ್ರಿ? ಸಂಬಳದ ಸಹಿಗೆ ನಾನ ಹೊಂಟೇನಿ, ಕೊಡ್ರಿ,” ಎಂದು ಭೀಮಶಿ ಹೊರಬಂದು ಗೇಟಿಗೆ ಬೀಗ ಜಡಿದ. ಬೀಗದ ಕೈ ಒಂದು ಕಿಸೆಗೆ, ಕಾಗದ ಇನ್ನೊಂದಕ್ಕೆ ಹಾಕಿಕೊಂಡು, ಕೇದಾರನನ್ನು ಅಲ್ಲೇ ಬಿಟ್ಟು ಸೈಕಲ್ ಏರಿ ಹೊರಟ.