ಆಕಾಶದ ಹಾಸ್ಟೆಲಿನಲ್ಲಿ ಯಾರೂ ಸಾಯುವುದಿಲ್ಲ

ನಮ್ಮತ್ತೆ ಇದುವರೆಗೆ ಯಾರನ್ನೂ ಸಾಯಲು ಬಿಟ್ಟವಳಲ್ಲ! ಹಾಗೆಂದು ಅವಳೇನು ಡಾಕ್ಟರಲ್ಲ, ನಾಟಿ ಔಷಧಿ ಕೊಡುವವಳೂ ಅಲ್ಲ. ಪಿರಿಯಾಪಟ್ಟಣದ ಪಕ್ಕದ ನಮ್ಮ ಹಳ್ಳಿಯಲ್ಲಿ ಹೊಗೆಸೊಪ್ಪು ವಿಂಗಡಿಸುವ ಹೆಂಗಸು. ಅವಳ ಕೈಗೆ ರೋಗಿ ಸಿಕ್ಕರೆ ಉಳಿಯುತ್ತಾನೋ ಇಲ್ಲವೋ ಕಾಣೆ. ಬಾಯಿಗೆ ಸಿಕ್ಕರೆ ಮಾತ್ರ ಖಂಡಿತ ಉಳಿಯುತ್ತಾನೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೇಯಿಸಿದ ಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಹಾಕುವುದರಲ್ಲಿ ಅವಳನ್ನು ಮೀರಿಸಿದವರು ನಮ್ಮ ಕಡೆ ಇಲ್ಲ. ಎಲೆಯಲ್ಲಿ ಉಗುರಿನಷ್ಟು ಹಸಿರು ಉಳಿದಿದ್ದರೂ ಮುಲಾಜಿಲ್ಲದೆ ಆಚೆ ಎಸೆಯುತ್ತಾಳೆ. ಸೊಪ್ಪಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದವಳು ಸತ್ಯದ ವಿಷಯದಲ್ಲಿ ಯಾಕೆ ಇಷ್ಟು ಧಾರಾಳಿ? ನಾನು ಕೇಳಿದ್ದೇನೆ. "ಸೊಪ್ಪ ಮಾರ್ಬೇಕು ಕಣೆ. ಮಾತ್ನ ಯಾವಳು ಮಾರ್ತಾಳೆ?" ಎಂದಳು.

ಒಮ್ಮೆ ಕೆ.ಆರ್. ನಗರದ ಕಡೆ ನೆಂಟರೊಬ್ಬರ ಸಾವಿಗೆ ಹೋಗಿದ್ದೆವು. ಮಾತು ಬಿಟ್ಟಿದ್ದ ಇಬ್ಬರು ಗಂಡುಮಕ್ಕಳು ಅಪ್ಪನ ಹೆಣದ ಎದುರೇ ಕೈಕೈ ಮಿಲಾಯಿಸಿದರು. ನಾನೇ ಕಣ್ಣಾರೆ ಕಂಡೆ. ಊರಿಗೆ ಬಂದ ಅತ್ತೆ, "ಇಬ್ರೂ ತಬ್ಕೊಂಡು ಅತ್ತಿದ್ದು ನೋಡಿ ನನ್ ಕಳ್ಳೇ ಕಿತ್ತೋದಂಗಾಯ್ತು" ಎಂದು ಬೀದಿಗೆಲ್ಲ ಸಾರಿದಳು. ಸುದ್ದಿ ಸುತ್ತಿ ಸುತ್ತಿ ಆ ಅಣ್ಣತಮ್ಮಂದಿರ ಕಿವಿಗೂ ಬಿತ್ತು. ತಬ್ಬಿಕೊಂಡಿದ್ದೇವೆಂದು ಊರೆಲ್ಲ ಹೊಗಳುವಾಗ ಇಲ್ಲ ಎನ್ನುವುದು ಹೇಗೆ? ಎರಡು ತಿಂಗಳಿಗೆ ಇಬ್ಬರೂ ಒಂದೇ ಬೈಕಿನಲ್ಲಿ ನಮ್ಮನೆಗೆ ಬಂದರು! ನಾನು ಅತ್ತೆಯ ಮುಖ ನೋಡಿದೆ. ಅವಳು ಕಾಫಿಗೆ ಬೆಲ್ಲ ಹಾಕುತ್ತ, "ನಾ ಯೋಳಿದ್ದು ಸುಳ್ಳಲ್ಲ ಕಣೆ, ಒಸಿ ಮುಂಚಿತ್ವಾಗಿ ಯೋಳ್ಬುಟ್ಟಿದ್ದೆ ಅಷ್ಟೇಯ" ಎಂದಳು.

ನನ್ನ ಬಾಲ್ಯದ ನಾಯಿಯದೂ ಇದೇ ಗತಿ. ಅದು ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತಿತ್ತು. ಅತ್ತೆ ನನಗೆ ಹೇಳಿದ್ದು ಬೇರೆ: "ಅವ್ನು ಸನ್ಯಾಸ ತಗೊಂಡವ್ನೆ ಕಣೆ. ಬೈಲಕುಪ್ಪೆ ಗುಡೀಲಿ ಕೆಂಪು ಬಟ್ಟೆ ಸಾಮಿಗಳ ತಾವ ಅವ್ನೆ. ಮೂಳೆ ಬುಟ್ಬುಟ್ಟು ಬರೀ ಅನ್ನ ತಿಂತಾನಂತೆ!" ಬಸ್ಸು ಬೈಲಕುಪ್ಪೆ ದಾಟುವಾಗಲೆಲ್ಲ ನಾನು ಕಿಟಕಿಗೆ ಮೂಗು ಒತ್ತಿ ಆ ಸನ್ಯಾಸಿಯನ್ನು ಹುಡುಕುತ್ತಿದ್ದೆ. ನಿಜ ತಿಳಿದದ್ದು ಡಿಗ್ರಿ ಓದುವಾಗ. ಇವತ್ತಿಗೂ ಅಲ್ಲಿ ಕಂದು ನಾಯಿ ಕಂಡರೆ ಕತ್ತು ತಾನಾಗಿ ಹೊರಳುತ್ತದೆ. ತಮಾಷೆಯೆಂದರೆ, ನಮ್ಮ ನಾಯಿ ಬಿಳಿ ಎನ್ನುತ್ತಾರೆ ಅಪ್ಪ. ಇತಿಹಾಸದಲ್ಲಿ ಎಂ.ಎ. ಮಾಡಿ, ಹುಣಸೂರಿನ ಕಾಲೇಜಿನಲ್ಲಿ "ಆಧಾರವಿಲ್ಲದೆ ಏನನ್ನೂ ನಂಬಬೇಡಿ" ಎಂದು ಪಾಠ ಹೇಳುವ ನಾನು ಮನೆಯ ನಾಯಿಯ ಬಣ್ಣಕ್ಕೇ ಆಧಾರ ಕೊಡಲಾರೆ! ನೆನಪನ್ನು ನಂಬಲಾಗದೆಯೇ ದಿನಾ ಡೈರಿ ಬರೆಯುವುದು.

ಡೈರಿ ಶುರುವಾಗುವ ಮೊದಲಿನದೊಂದು ಮಾತಿಗೆ ಮಾತ್ರ ನಾನು ಆಧಾರ ಕೇಳಿದವಳಲ್ಲ. ನನಗೆ ಆರು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಆ ದಿನ ನನ್ನನ್ನು ಶಾಲೆಗೆ ಕಳಿಸಿದ್ದರು. ಅಮ್ಮನ ಪಕ್ಕ ಇದ್ದವಳು ಅತ್ತೆ ಒಬ್ಬಳೇ. ಕೊನೇ ಗಳಿಗೆಯಲ್ಲಿ ಅಮ್ಮ ಕಣ್ಣುಬಿಟ್ಟು, "ಮಗೀಗೆ ತಲೆ ಬಾಚೋವಾಗ ಎಳೀಬ್ಯಾಡಿ, ನೋಯ್ತದೆ ಅವಳ್ಗೆ" ಎಂದಳಂತೆ. ಅಮ್ಮನ ದನಿ ನನಗೆ ನೆನಪಿಲ್ಲ. ಇರುವುದು ಈ ಒಂದು ವಾಕ್ಯ.

ಇರಲಿ, ಅತ್ತೆಯ ಕತೆಗೆ ಬರುತ್ತೇನೆ.

ಈ ಸಲದ ಅವರೆಕಾಯಿ ಕಾಲದಲ್ಲಿ ನಾನೊಂದು ಇಂಗ್ಲಿಷ್ ಸೀರಿಯಲ್ ನೋಡತೊಡಗಿದೆ. ಹೈಸ್ಕೂಲು ವಯಸ್ಸಿನ ಮಕ್ಕಳಿಗಾಗಿ ಮಾಡಿದ್ದು. ಮೂವತ್ತೆರಡಾದ ನಾನು ಅದನ್ನು ಯಾಕೆ ನೋಡಿದೆ ಎಂದು ಯಾರೂ ಕೇಳಬಾರದು. ಭೂಮಿ ಹಾಳಾಗಿದೆ, ಮಕ್ಕಳೆಲ್ಲ ಒಂದು ಆಕಾಶನೌಕೆಯಲ್ಲಿ ಓದುತ್ತ, ಪ್ರೇಮಿಸುತ್ತ, ಆಗಾಗ ಸ್ಫೋಟವಾಗುತ್ತ ಇರುತ್ತಾರೆ. ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಳು. ಇಂಗ್ಲಿಷ್ ಒಂದಕ್ಷರ ಬಾರದು. ಅದರಿಂದ ಅವಳಿಗೇನೂ ತೊಂದರೆಯಾದಂತೆ ಕಾಣಲಿಲ್ಲ. ಎರಡೇ ದಿನಕ್ಕೆ ನೌಕೆಗೆ "ಆಕಾಸದ ಆಸ್ಟೆಲ್ಲು" ಎಂದು ಹೆಸರಿಟ್ಟಳು.

"ಇವು ಸದಾ ತೇಲಾಡ್ತವಲ್ಲೇ, ತಿಂದಿದ್ದು ಒಟ್ಟೆಗೆ ಎಂಗೆ ಇಳೀತದೆ?"

"ಅದು ವಿಜ್ಞಾನ ಅತ್ತೆ."

"ಅಂಗಾರೆ ಇಳಿಯಾಕಿಲ್ಲ ಬುಡು. ಅದಕ್ಕೇ ಎಲ್ಲ ಕಡ್ಡಿ ಇದ್ದಂಗವ್ರೆ."

ರಾತ್ರಿ ನೋಡಿದ್ದನ್ನು ಬೆಳಿಗ್ಗೆ ಶೆಡ್ಡಿನಲ್ಲಿ ಸೊಪ್ಪು ವಿಂಗಡಿಸುವ ಹೆಂಗಸರಿಗೆ ಬಡಿಸುತ್ತಿದ್ದಳು. ಬಡಿಸುವಾಗ ಸತ್ತವರೆಲ್ಲ ಎದ್ದು ಕೂರುತ್ತಿದ್ದರು! ನಾಲ್ಕನೇ ಕಂತಿನಲ್ಲಿ ಸುಟ್ಟು ಬೂದಿಯಾದ ಕ್ಯಾಪ್ಟನ್ ಅತ್ತೆಯ ಬಾಯಲ್ಲಿ ಕೊಡಗಿನ ಕಡೆ ತೋಟ ನೋಡಿಕೊಳ್ಳಲು ಹೊರಟುಹೋದ. ಬಾಹ್ಯಾಕಾಶಕ್ಕೆ ಎಸೆಯಲ್ಪಟ್ಟ ದುಷ್ಟ ಹುಡುಗ ಮಾವನ ಮನೆ ಸೇರಿ ಒಳ್ಳೆಯವನಾದ. ಒಂಬತ್ತನೇ ಕಂತಿನ ಹೊತ್ತಿಗೆ ಅವಳ ಆಸ್ಟೆಲ್ಲು ಎಷ್ಟು ತುಂಬಿಹೋಗಿತ್ತೆಂದರೆ, ಮೇಲೊಂದು ಅಂತಸ್ತು ಕಟ್ಟಿಸದೆ ಗತಿಯಿರಲಿಲ್ಲ.

ಭಾನುವಾರಗಳಲ್ಲಿ ನಾನೂ ಶೆಡ್ಡಿನಲ್ಲಿ ಕೂರುತ್ತಿದ್ದೆ, ತಿದ್ದುಪಡಿಗಾಗಿ. "ಅವನು ಸತ್ತ" ಎಂದರೆ ಸೊಪ್ಪು ಕಟ್ಟುವ ಕೆಂಪಮ್ಮ ನನ್ನನ್ನು ಕೊಲೆಗಾರಳಂತೆ ನೋಡುತ್ತಿದ್ದಳು.

"ಮೇಡಮ್ಮಾರೆ, ನೀವು ಕಾಲೇಜಲ್ಲಿ ಯಾರ್ನ ಬೇಕಾರೂ ಸಾಯ್ಸ್ಕಳಿ. ಇಲ್ಲಿ ಅಕ್ಕ ಯೋಳ್ಲಿ."

"ಓದಿದೋರ ಅಣೆಬರವೇ ಅಷ್ಟು ಕಣ ಕೆಂಪಿ," ಎಂದು ಅತ್ತೆ ಬೆಂಕಿಗೆ ತುಪ್ಪ ಸುರಿಯುತ್ತಿದ್ದಳು. "ಇದ್ದಿದ್ನ ಇದ್ದಂಗೇ ಯೋಳಾಕೆ ಅಷ್ಟೊಂದು ವರ್ಸ ಓದ್ಬೇಕಾ?"

ಹೀಗಿರುವಾಗ ಬಂತು ಕೊನೆಯದಕ್ಕೆ ಹಿಂದಿನ ಕಂತು. ನೌಕೆ ಒಡೆಯುತ್ತಿದೆ. ನಾಯಕಿ ಹುಡುಗಿಯ ತಾಯಿ ಇಂಜಿನಿಯರು. ಅವಳು ಹೊರಗೆ ನಿಂತು ಬಾಗಿಲು ಮುಚ್ಚಿದರೆ ಮಾತ್ರ ಮಕ್ಕಳು ಉಳಿಯುತ್ತಾರೆ. ಹುಡುಗಿ ಗಾಜು ಬಡಿಯುತ್ತಾಳೆ. ತಾಯಿ ಬಾಯಿಬಿಡುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಸನ್ನೆಗೋಲು ಎಳೆಯುತ್ತಾಳೆ. ಕತ್ತಲು.

ಅತ್ತೆಯ ಕೈಯಲ್ಲಿ ಅವರೆಕಾಯಿ ಅರ್ಧಕ್ಕೇ ನಿಂತಿತ್ತು. "ಒಲೆ ಮೇಲೆ ಇಟ್ಬುಟ್ಟು ಬಂದಿವ್ನಿ" ಎಂದು ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ನನಗೋ ಒಳಗೊಳಗೇ ಖುಷಿ. ನಾಳೆ ಭಾನುವಾರ. ಗಾಳಿಯಿಲ್ಲದ ಕಡೆ, ಮುಚ್ಚಿದ ಬಾಗಿಲಿನಾಚೆ ನಿಂತ ಹೆಂಗಸನ್ನು ಅತ್ತೆ ಯಾವ ಮಾವನ ಮನೆಗೆ ಕಳಿಸುತ್ತಾಳೋ ನೋಡೇಬಿಡೋಣ! ಹೆಣಕ್ಕೆ ಕಾದ ಹದ್ದಿನಂತೆ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಶೆಡ್ಡಿಗೆ ಹೋಗಿ ಕೂತೆ.

ಅತ್ತೆ ಕತೆ ಹೇಳಿದಳು. ನೌಕೆ ಒಡೆದದ್ದು, ತಾಯಿ ಹೊರಗೆ ಹೋದದ್ದು, ಗಾಜು ಬಡಿದದ್ದು, ಒಂದಕ್ಷರ ತಪ್ಪಿಲ್ಲ. ನಾನು ಕಾಯುತ್ತಲೇ ಇದ್ದೆ.

"ಆಮೇಕೆ ಬದುಕ್ಬುಟ್ಲಾ ಅಕ್ಕ?" ಎಂದಳು ಕೆಂಪಮ್ಮ.

"ಇಲ್ಲ ಕಣ. ಸತ್ತೋದ್ಲು."

ಎಲ್ಲರ ಕೈ ನಿಂತಿತು. ನನ್ನದೂ. ನಮ್ಮತ್ತೆ ಒಬ್ಬರನ್ನು ಸಾಯಲು ಬಿಟ್ಟಿದ್ದಳು!

"ಅಯ್ಯೋ ಸಿವ್ನೇ... ಮಗು ಅಂಗೆ ಬಡ್ಕೋತಿದ್ರೂವೆ ಏನೂ ಯೋಳ್ದೇ ಓದ್ಲಾ?"

ಅತ್ತೆ ಕೈಯಲ್ಲಿದ್ದ ಎಲೆಯನ್ನು ಬೆಳಕಿಗೆ ಹಿಡಿದಳು. ಕಲೆ ಹುಡುಕುವವಳ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು.

"ಯೋಳ್ದೇ ಓಗ್ತಾಳಾ? ಬಾಗ್ಲು ಮುಚ್ಚೋಕೆ ಮುಂಚೆ ತಿರುಗಿ ಅಂದ್ಲು. 'ಮಗೀಗೆ ತಲೆ ಬಾಚೋವಾಗ ಎಳೀಬ್ಯಾಡಿ, ನೋಯ್ತದೆ ಅವಳ್ಗೆ' ಅಂತ."

ಕೆಂಪಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಯಾವತ್ತೂ ಇಲ್ಲದ್ದು ಮಾಡಿದಳು. ನನ್ನ ಕಡೆ ತಿರುಗಿ ಸಾಕ್ಷಿ ಕೇಳಿದಳು.

"ದಿಟವಾ ಮೇಡಮ್ಮಾರೆ? ಇಂಗ್ಲಿಸಲ್ಲಿ ಅಂಗೇ ಅಂದ್ಲಾ?"

ಎಲ್ಲರೂ ನನ್ನನ್ನು ನೋಡಿದರು, ಅತ್ತೆಯೊಬ್ಬಳನ್ನು ಬಿಟ್ಟು.

ಏನೂ ಹೇಳದೆ ಹೋದವಳಿಗೆ ಅತ್ತೆ ನಮ್ಮಮ್ಮನ ಮಾತನ್ನು ಸಾಲವಾಗಿ ಕೊಟ್ಟಳೇ? ಅಥವಾ ನಮ್ಮಮ್ಮನೂ ಹೀಗೆಯೇ ಏನೂ ಹೇಳದೆ ಹೋಗಿ, ಶಾಲೆಯಿಂದ ಬರುವ ಮಗುವಿಗೆ ಬರಿಗೈ ತೋರಿಸಲಾರದೆ ಅತ್ತೆಯೇ ಆ ಮಾತನ್ನು ಕಟ್ಟಿಟ್ಟಿದ್ದಳೇ? ಕೇಳಬಹುದಿತ್ತು. ಅವಳು ಎರಡು ಮಾರು ದೂರದಲ್ಲಿ ಕೂತಿದ್ದಳು. ಆದರೆ ಅವಳು ಏನು ಹೇಳಿದರೂ ಅದು ಅವಳು ಹೇಳಿದ್ದೇ ತಾನೆ? ಆಧಾರಸಹಿತವಾಗಿ ನನಗೆ ಗೊತ್ತಿರುವುದು ಒಂದೇ: ಹತ್ತನೇ ತರಗತಿಯವರೆಗೂ ದಿನಾ ಬೆಳಿಗ್ಗೆ ನನ್ನ ತಲೆ ಬಾಚಿದವಳು ಅತ್ತೆ. ಸೊಂಟದವರೆಗಿನ ಸಿಕ್ಕುಗೂದಲು. ಬಸ್ಸು ತಪ್ಪಿದರೂ ಸರಿ, ಒಂದೇ ಒಂದು ದಿನ ಎಳೆದವಳಲ್ಲ.

"ಹೂಂ ಕೆಂಪಮ್ಮ," ಎಂದೆ. "ಹಂಗೇ ಅಂದ್ಲು."

ಅತ್ತೆ ಆಗಲೂ ತಲೆ ಎತ್ತಲಿಲ್ಲ. ಕೆಂಪಮ್ಮನಿಗೆ ಮಾತ್ರ ಏನೋ ಹೊಳೆಯಿತು.

"ಅಲ್ಲ ಅಕ್ಕ, ಆ ಉಡ್ಗಿಗೆ ತಲೇಲಿ ಬೆಳ್ಳುದ್ದನೂ ಕೂದ್ಲಿಲ್ಲ ಅಂದಿದ್ರಲ್ಲ ನೀವು?"

"ಬೆಳೀತದೆ ಬುಡು," ಎಂದಳು ಅತ್ತೆ, ಆ ಎಲೆಯನ್ನು ಒಳ್ಳೆಯ ಸೊಪ್ಪಿನ ಗುಡ್ಡೆಗೆ ಹಾಕುತ್ತ.